ಉಪ್ಪಿನ ಬಯಲಿನ ಮೋಟಾರ್ ಸೈಕಲ್ ಓಟ: ತೆರೆಯ ಮೇಲಿನ ವೇಗ, ನೆಲದ ಮೇಲಿನ ಲೆಕ್ಕ

ತೆಂಗಿನ ಸಸಿ ನೆಡುವ ಗುಂಡಿಗೆ ಉಪ್ಪು ಹಾಕುವ ರೂಢಿ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಬೆಳೆಗಾರರಿಗೆ ಹೊಸತಲ್ಲ. ಆದರೆ ಉಪ್ಪನ್ನು ಬಯಲಾಗಿ ಕಾಣಬೇಕೆಂದರೆ ಈ ಭಾಗದವರು ಬಿ.ಎಚ್. ರಸ್ತೆ ಹಿಡಿದು ಘಟ್ಟ ಇಳಿಯಬೇಕು. ಹೊನ್ನಾವರ ಮುಟ್ಟಿ, ಅಲ್ಲಿಂದ ಉತ್ತರಕ್ಕೆ ಗೋಕರ್ಣದ ಬಳಿಯ ಸಾಣಿಕಟ್ಟೆಯ ಆಗರಗಳವರೆಗೆ ಹೋಗಬೇಕು. ಆ ಆಗರಗಳ ಬದುಗಳನ್ನೆಲ್ಲ ಅಳಿಸಿ, ಪಾತಿಗಳನ್ನು ದಿಗಂತದವರೆಗೆ ಹಿಗ್ಗಿಸಿ, ಮೇಲಿನ ಪದರವನ್ನು ರಸ್ತೆಯಂತೆ ಗಟ್ಟಿಯಾಗಿಸಿದರೆ ಹೇಗಿರಬಹುದೋ ಅಂಥದೊಂದು ನೆಲ ಅಮೆರಿಕದ ಯೂಟಾ ರಾಜ್ಯದಲ್ಲಿದೆ. ಅದರ ಹೆಸರು ಬಾನವಿಲ್. ಮೋಟಾರ್ ಸೈಕಲ್‌ಗಳು ನೆಲದ ಮೇಲೆ ಎಷ್ಟು ವೇಗವಾಗಿ ಓಡಬಲ್ಲವು ಎಂಬ ಪ್ರಶ್ನೆಗೆ ಎಂಟು ದಶಕಗಳಿಂದ ಬಹುತೇಕ ಉತ್ತರಗಳು ಸಿಕ್ಕಿರುವುದು ಈ ಬಯಲಿನಲ್ಲಿಯೇ.

ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಈ ಬಯಲು ಪರಿಚಯವಾದದ್ದು 2005ರಲ್ಲಿ ತೆರೆಕಂಡ 'ದಿ ವರ್ಲ್ಡ್ಸ್ ಫಾಸ್ಟೆಸ್ಟ್ ಇಂಡಿಯನ್' ಚಿತ್ರದಿಂದ. ರೋಜರ್ ಡೊನಾಲ್ಡ್‌ಸನ್ ನಿರ್ದೇಶಿಸಿ, ಆಂಟನಿ ಹಾಪ್ಕಿನ್ಸ್ ನಾಯಕನಾಗಿ ನಟಿಸಿದ ಈ ಚಿತ್ರ ನ್ಯೂಜಿಲೆಂಡಿನ ಬರ್ಟ್ ಮನ್ರೋ ಎಂಬ ವೃದ್ಧ ಸವಾರನ ಕಥೆ. ಶೀರ್ಷಿಕೆ ಕೇಳಿ ನಮ್ಮ ದೇಶದವನ ಕಥೆಯೆಂದು ನಂಬಿ ಸಿ.ಡಿ. ತಂದು ನೋಡಿದವರೂ ಉಂಟು. ಚಿತ್ರ ಸೊಗಸಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದು ತೋರಿಸುವ ವೇಗವೂ ಕಡತದಲ್ಲಿರುವ ವೇಗವೂ ಒಂದೇ ಅಲ್ಲ. ತೆರೆಯ ಮೇಲಿನ ಉಪ್ಪೂ ಸವಾರನ ಚಕ್ರದ ಕೆಳಗಿನ ಉಪ್ಪೂ ಒಂದೇ ಅಲ್ಲ. ಆ ಅಂತರವನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಉಪ್ಪಿನ ಮೇಲೇ ಏಕೆ?

ಬಾನವಿಲ್ ಬಯಲು ಹಿಮಯುಗದ ಕಾಲದ ಒಂದು ಮಹಾಸರೋವರದ ಅವಶೇಷ. ಸರೋವರ ಬತ್ತಿದ ಮೇಲೆ ಅದರ ತಳದಲ್ಲಿ ಲವಣ ಉಳಿಯಿತು. ಪ್ರತಿ ಚಳಿಗಾಲದಲ್ಲಿ ಮಳೆ ಮತ್ತು ಹಿಮದ ನೀರು ಈ ತಗ್ಗಿನಲ್ಲಿ ತೆಳುವಾಗಿ ನಿಲ್ಲುತ್ತದೆ. ಆ ನೀರು ಮೇಲ್ಪದರದ ಉಪ್ಪನ್ನು ಕರಗಿಸಿಕೊಳ್ಳುತ್ತದೆ. ಗಾಳಿ ಅದನ್ನು ಅತ್ತಿತ್ತ ತೂಗಿ ಸಮನಾಗಿ ಹರಡುತ್ತದೆ. ಬೇಸಿಗೆಯ ಬಿಸಿಲಿಗೆ ನೀರು ಆವಿಯಾದಾಗ ಹೊಸದೊಂದು ಬಿಳಿಯ ಪದರ ಉಳಿಯುತ್ತದೆ. ಮನೆಯಂಗಳಕ್ಕೆ ವರ್ಷಕ್ಕೊಮ್ಮೆ ಸಗಣಿ ಸಾರಿಸಿ ಹೊಸದು ಮಾಡಿದಂತೆ, ಇಲ್ಲಿ ಪ್ರಕೃತಿಯೇ ಅಂಗಳವನ್ನು ವರ್ಷಕ್ಕೊಮ್ಮೆ ಸಾರಿಸುತ್ತದೆ. ಹಾಗಾಗಿ ಅಲ್ಲಿ ಗುಂಡಿಯಿಲ್ಲ, ತಿರುವಿಲ್ಲ, ಅಡ್ಡ ಬರುವ ಮರವಿಲ್ಲ.

ಸಮತಟ್ಟಾಗಿರುವುದು ಒಂದು ಅನುಕೂಲ. ಮತ್ತೊಂದು ಅನುಕೂಲ ಅಷ್ಟಾಗಿ ತಿಳಿದಿಲ್ಲ. ಉಪ್ಪಿನ ಮೇಲ್ಮೈ ಬೇಸಿಗೆಯಲ್ಲೂ ಕೊಂಚ ತೇವವಾಗಿದ್ದು ತಂಪಾಗಿರುತ್ತದೆ. ಅತಿವೇಗದಲ್ಲಿ ಟೈರ್ ಕಾದು ಸಿಡಿಯುವುದೇ ಸವಾರನಿಗೆ ದೊಡ್ಡ ಭಯವಾದ್ದರಿಂದ ಈ ತಂಪು ಅವನಿಗೆ ರಕ್ಷಣೆ. ಅನನುಕೂಲಗಳೂ ಇವೆ. ಡಾಂಬರಿನ ಮೇಲೆ ಸಿಗುವ ಹಿಡಿತ ಉಪ್ಪಿನ ಮೇಲೆ ಸಿಗದು. ಹಿಂದಿನ ಚಕ್ರ ನೆಲ ಕಚ್ಚದೆ ಜಾರಿ ಸುತ್ತುತ್ತದೆ. ಬಯಲು ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ತೆಳುವಾಗಿದ್ದು ಎಂಜಿನ್ನಿನ ಬಲ ತಗ್ಗುತ್ತದೆ. ಅದೇ ತೆಳುಗಾಳಿ ಎದುರಿನ ತಡೆಯನ್ನೂ ತಗ್ಗಿಸುತ್ತದೆ ಎಂಬುದು ಸಮಾಧಾನ.

1935ರಲ್ಲಿ ಬ್ರಿಟನ್ನಿನ ಮಾಲ್ಕಂ ಕ್ಯಾಂಪ್‌ಬೆಲ್ ತಮ್ಮ 'ಬ್ಲೂ ಬರ್ಡ್' ಕಾರನ್ನು ಇಲ್ಲಿ ಗಂಟೆಗೆ 301 ಮೈಲಿ ವೇಗದಲ್ಲಿ ಓಡಿಸಿದಾಗ ಬಾನವಿಲ್ ಜಗತ್ತಿನ ಗಮನ ಸೆಳೆಯಿತು. ಮೋಟಾರ್ ಸೈಕಲ್ ಪ್ರಿಯರಿಗೆ ಸ್ಮರಣೀಯವಾದದ್ದು 1948ರ ಸೆಪ್ಟೆಂಬರ್ 13. ಅಂದು ರಾಲಿ ಫ್ರೀ ಎಂಬ ಸವಾರ, ಮೊದಲಿನ ಓಟದಲ್ಲಿ ಚರ್ಮದ ಉಡುಪು ಗಾಳಿಗೆ ಹರಿದುಹೋದ ಕಾರಣ, ಈಜುಚಡ್ಡಿಯಲ್ಲಿಯೇ ವಿನ್ಸೆಂಟ್ ಬೈಕಿನ ಮೇಲೆ ಬೋರಲು ಮಲಗಿ, ಕಾಲುಗಳನ್ನು ಹಿಂದಕ್ಕೆ ಚಾಚಿ, ಗಂಟೆಗೆ 150.313 ಮೈಲಿ (ಸುಮಾರು 242 ಕಿ.ಮೀ.) ಮುಟ್ಟಿದರು. ಆ ಛಾಯಾಚಿತ್ರ ಇಂದಿಗೂ ಜಗತ್ತಿನ ಗ್ಯಾರೇಜುಗಳ ಗೋಡೆಯ ಮೇಲಿದೆ. ಮರುವರ್ಷ, 1949ರಲ್ಲಿ, ದಕ್ಷಿಣ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ 'ಸ್ಪೀಡ್ ವೀಕ್' ಎಂಬ ವಾರ್ಷಿಕ ಕೂಟವನ್ನು ಆರಂಭಿಸಿತು. ಪ್ರತಿ ಆಗಸ್ಟ್ ತಿಂಗಳಿನಲ್ಲಿ ಅದು ನಡೆಯುತ್ತದೆ, ಬಯಲು ಅನುಮತಿಸಿದರೆ.

ಟ್ರಯಂಫ್ ಕಂಪನಿಯ ಪ್ರಸಿದ್ಧ 'ಬಾನವಿಲ್' ಮಾದರಿಗೆ ಹೆಸರು ಬಂದದ್ದೂ ಇಲ್ಲಿಂದಲೇ. 1956ರಲ್ಲಿ ಜಾನಿ ಆಲೆನ್ ಟ್ರಯಂಫ್ ಎಂಜಿನ್ನಿನ ಬೈಕನ್ನು 214 ಮೈಲಿ ವೇಗದಲ್ಲಿ ಓಡಿಸಿದರು. ಅಂತರರಾಷ್ಟ್ರೀಯ ಮೋಟಾರ್ ಸೈಕಲ್ ಒಕ್ಕೂಟ ಆ ದಾಖಲೆಗೆ ಮಾನ್ಯತೆ ಕೊಡಲಿಲ್ಲ. ಕಂಪನಿ ಮಾತ್ರ ಆ ಹೆಸರನ್ನು ತನ್ನ 1959ರ ಮಾದರಿಯ ಮೇಲೆ ಬರೆಸಿಕೊಂಡಿತು.

ಒಂದು ಓಟ ದಾಖಲೆಯಲ್ಲ

ಇಲ್ಲಿಯೇ ಸಿನಿಮಾಕ್ಕೂ ಕ್ರೀಡೆಗೂ ಮೊದಲ ಭಿನ್ನಾಭಿಪ್ರಾಯ. ತೆರೆಯ ಮೇಲೆ ಒಂದು ಓಟ, ಒಂದು ಮುಳ್ಳು, ಒಂದು ಅಂಕಿ ಸಾಕು. ಬಯಲಿನಲ್ಲಿ ಸಾಲದು.

ಸವಾರನು ಮೊದಲು ಕೆಲವು ಮೈಲಿ ಓಡಿ ವೇಗ ಕೂಡಿಸಿಕೊಳ್ಳುತ್ತಾನೆ. ಅನಂತರ ಅಳತೆಗೆಂದು ಗುರುತಿಸಿದ ಒಂದು ಮೈಲಿ ಅಥವಾ ಒಂದು ಕಿಲೋಮೀಟರ್ ದೂರವನ್ನು ಎಷ್ಟು ಸಮಯದಲ್ಲಿ ದಾಟುತ್ತಾನೆ ಎಂಬುದನ್ನು ಯಂತ್ರಗಳು ದಾಖಲಿಸುತ್ತವೆ. ಹಾಗೆ ಎರಡು ಬಾರಿ ಓಡಬೇಕು. ಎರಡರ ಸರಾಸರಿಯೇ ದಾಖಲೆ. ಅಂತರರಾಷ್ಟ್ರೀಯ ಒಕ್ಕೂಟದ ನಿಯಮದಂತೆ ಎರಡನೆಯ ಓಟ ನಿಗದಿತ ಅವಧಿಯೊಳಗೆ ವಿರುದ್ಧ ದಿಕ್ಕಿನಲ್ಲಿ ನಡೆಯಬೇಕು. ಬೆನ್ನ ಹಿಂದಿನ ಗಾಳಿಯ ಲಾಭ ಒಮ್ಮೆ ಸಿಕ್ಕರೆ ಮತ್ತೊಮ್ಮೆ ಅದೇ ಗಾಳಿ ಎದುರಾಗಲಿ ಎಂಬ ನ್ಯಾಯ ಇದು. ಸ್ಪೀಡ್ ವೀಕ್ ಕೂಟದ ಪದ್ಧತಿ ಬೇರೆ. ಅಲ್ಲಿ ಮೊದಲ ದಿನ ಹಳೆಯ ದಾಖಲೆಯನ್ನು ಮೀರಿ ಅರ್ಹತೆ ಪಡೆಯಬೇಕು; ವಾಹನವನ್ನು ಸಂಘಟಕರ ಕಾವಲಿನಲ್ಲಿ ಇಡಬೇಕು; ಮರುದಿನ ಬೆಳಿಗ್ಗೆ ಮತ್ತೆ ಓಡಬೇಕು. ಎಂಜಿನ್ ರಾತ್ರಿ ಕಳೆದು ಬೆಳಿಗ್ಗೆಯೂ ಅದೇ ಶಕ್ತಿ ತೋರಿಸಬೇಕೆಂಬುದು ಈ ಪದ್ಧತಿಯ ಕಟ್ಟುನಿಟ್ಟು.

ಇದಲ್ಲದೆ ವರ್ಗಗಳ ವಿಂಗಡಣೆಯೂ ಇದೆ. ಎಂಜಿನ್ನಿನ ಗಾತ್ರ, ಇಂಧನದ ಬಗೆ, ಮೈಮೇಲೆ ಕವಚವಿದೆಯೋ ಇಲ್ಲವೋ ಎಂಬುದನ್ನು ನೋಡಿ ವರ್ಗ ನಿರ್ಧಾರವಾಗುತ್ತದೆ. ಆದ್ದರಿಂದ 'ವಿಶ್ವದಾಖಲೆ' ಎಂಬ ಪದ ಕಂಡಾಗ ಯಾವ ವರ್ಗದ್ದು ಎಂದು ಕೇಳುವುದು ಒಳ್ಳೆಯದು. ಎಲ್ಲ ವರ್ಗಗಳನ್ನೂ ಮೀರಿದ ಮೋಟಾರ್ ಸೈಕಲ್ ವೇಗದ ದಾಖಲೆ 2010ರ ಸೆಪ್ಟೆಂಬರ್ 25ರಂದು ಬಾನವಿಲ್‌ನಲ್ಲಿಯೇ ಆಯಿತು. ರಾಕಿ ರಾಬಿನ್ಸನ್ ಅವರು ಎರಡು ಸುಜುಕಿ ಹಯಬುಸಾ ಎಂಜಿನ್‌ಗಳನ್ನು ಒಂದೇ ಕವಚದೊಳಗೆ ಕೂಡಿಸಿದ 'ಆ್ಯಕ್ ಅಟ್ಯಾಕ್' ವಾಹನದಲ್ಲಿ ಗಂಟೆಗೆ 376.363 ಮೈಲಿ, ಅಂದರೆ 605.697 ಕಿ.ಮೀ. ಸರಾಸರಿ ಸಾಧಿಸಿದರು. ತಿಪಟೂರಿನಿಂದ ತುಮಕೂರಿಗೆ ಸುಮಾರು 75 ಕಿ.ಮೀ. ಎಂದಿಟ್ಟುಕೊಂಡರೆ ಆ ವೇಗದಲ್ಲಿ ಏಳೂವರೆ ನಿಮಿಷದ ದಾರಿ.

ಕೊಟ್ಟಿಗೆಯ ಎಂಜಿನಿಯರ್

ಚಿತ್ರದ ನಾಯಕ ಬರ್ಟ್ ಮನ್ರೋ ಹುಟ್ಟಿದ್ದು 1899ರ ಮಾರ್ಚ್ 25ರಂದು, ನ್ಯೂಜಿಲೆಂಡಿನ ದಕ್ಷಿಣ ತುದಿಯಲ್ಲಿ. ಇನ್ವರ್ಕಾರ್ಗಿಲ್ ಎಂಬ ಊರು ಅವರ ಕರ್ಮಭೂಮಿ. 1920ರಲ್ಲಿ ಅವರು 'ಇಂಡಿಯನ್ ಸ್ಕೌಟ್' ಎಂಬ 600 ಸಿ.ಸಿ. ಬೈಕ್ ಕೊಂಡರು. ಕಾರ್ಖಾನೆಯಿಂದ ಬಂದಾಗ ಅದರ ಗರಿಷ್ಠ ವೇಗ ಗಂಟೆಗೆ 55 ಮೈಲಿ. ಅದೇ ಬೈಕನ್ನು ಅವರು ಬದುಕಿಡೀ ಬಿಚ್ಚಿದರು, ಕಟ್ಟಿದರು, ಮತ್ತೆ ಬಿಚ್ಚಿದರು. ಕೊನೆಗೆ ಎಂಜಿನ್ ಗಾತ್ರ 950 ಸಿ.ಸಿ.ಗೆ ಏರಿತ್ತು.

ಅವರ ಕೆಲಸದ ರೀತಿ ನಮ್ಮ ಊರುಗಳ ಗ್ಯಾರೇಜು ಮತ್ತು ಲೇತ್ ಅಂಗಡಿಗಳನ್ನು ಬಲ್ಲವರಿಗೆ ಅಪರಿಚಿತವೆನಿಸದು. ಪಿಸ್ಟನ್‌ಗಳನ್ನು ಹಳೆಯ ಡಬ್ಬಿಗಳಲ್ಲಿ ತಾವೇ ಎರಕ ಹೊಯ್ದರು. ಸಿಲಿಂಡರ್‌ಗಳನ್ನು ಹಳೆಯ ಬೀಡುಕಬ್ಬಿಣದ ಕೊಳವೆಗಳಿಂದ ಮಾಡಿದರು. ಕನೆಕ್ಟಿಂಗ್ ರಾಡ್‌ಗಳನ್ನು ಹಳೆಯ ಟ್ರ್ಯಾಕ್ಟರಿನ ಅಚ್ಚಿನಿಂದ ಕೈಯಲ್ಲಿಯೇ ಕಡೆದರು. ಅಳತೆಗೆ ಬಳಸಿದ ಮೈಕ್ರೋಮೀಟರ್ ಕೂಡ ಚಕ್ರದ ಹಳೆಯ ಕಡ್ಡಿಯಿಂದ ಮಾಡಿಕೊಂಡದ್ದು. ಮುರಿದ, ಸುಟ್ಟ ಭಾಗಗಳನ್ನೆಲ್ಲ ಎಸೆಯದೆ ಒಂದು ಹಲಗೆಯ ಮೇಲೆ ಜೋಡಿಸಿಟ್ಟು, ಅವು ವೇಗದ ದೇವರಿಗೆ ಕೊಟ್ಟ ಕಾಣಿಕೆ ಎಂದು ಬರೆದಿದ್ದರು. ಈ ಹಲಗೆ ಸಿನಿಮಾದ ಕಲ್ಪನೆಯಲ್ಲ.

ಮನ್ರೋ 1957ರಲ್ಲಿ ಬಾನವಿಲ್‌ಗೆ ಪ್ರೇಕ್ಷಕರಾಗಿ ಹೋಗಿದ್ದರು. ಸವಾರರಾಗಿ ಹೋದದ್ದು ಆಮೇಲೆ. 1962ರಲ್ಲಿ 883 ಸಿ.ಸಿ. ವರ್ಗದಲ್ಲಿ ಗಂಟೆಗೆ ಸುಮಾರು 179 ಮೈಲಿಯ ದಾಖಲೆ; 1966ರಲ್ಲಿ 1000 ಸಿ.ಸಿ. ವರ್ಗದಲ್ಲಿ 168.07 ಮೈಲಿ, 1967ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಅದೇ ವರ್ಗದಲ್ಲಿ 183.586 ಮೈಲಿ. ಅಂದು ಬೈಕಿಗೆ 47 ವರ್ಷ. ಅದೇ ಸಲ ಅರ್ಹತೆಯ ಒಂದು ಓಟದಲ್ಲಿ ಅವರು 190.07 ಮೈಲಿ ಮುಟ್ಟಿದ್ದರು. 'ಇಂಡಿಯನ್' ಬೈಕೊಂದರ ಅಧಿಕೃತ ವೇಗಗಳಲ್ಲಿ ಅದೇ ಗರಿಷ್ಠವೆಂದು ಹೇಳಲಾಗುತ್ತದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮನ್ರೋ 1978ರ ಜನವರಿಯಲ್ಲಿ ನಿಧನರಾದರು. ಅದಾದ 36 ವರ್ಷಗಳ ಮೇಲೆ ಅವರ ಪುತ್ರ ಜಾನ್ ಹಳೆಯ ಕಾಗದಗಳನ್ನು ನೋಡುವಾಗ 1967ರ ಸರಾಸರಿಯ ಲೆಕ್ಕದಲ್ಲಿ ತಪ್ಪಿರುವುದನ್ನು ಗಮನಿಸಿದರು. ಅಮೆರಿಕದ ಮೋಟಾರ್ ಸೈಕಲ್ ಸಂಘ ಅದನ್ನು ಒಪ್ಪಿ, 2014ರಲ್ಲಿ ದಾಖಲೆಯನ್ನು 184.087 ಮೈಲಿ (ಸುಮಾರು 296 ಕಿ.ಮೀ.) ಎಂದು ತಿದ್ದಿತು. ಅರ್ಧ ಮೈಲಿಯ ವ್ಯತ್ಯಾಸ. ತಮ್ಮ ದಾಖಲೆ ಅಷ್ಟು ಮುಂದೆ ಸರಿದದ್ದನ್ನು ಕಾಣಲು ಅದನ್ನು ಓಡಿಸಿದವರು ಇರಲಿಲ್ಲ. ಈ ಪ್ರಸಂಗ ಚಿತ್ರ ಬಿಡುಗಡೆಯಾದ ಒಂಬತ್ತು ವರ್ಷಗಳ ಮೇಲೆ ನಡೆದದ್ದರಿಂದ ಚಿತ್ರದಲ್ಲಿ ಅದಿಲ್ಲ; ಇದ್ದಿದ್ದರೆ ಅದಕ್ಕಿಂತ ಒಳ್ಳೆಯ ಮುಕ್ತಾಯ ಬೇಕಿರಲಿಲ್ಲ.

ಚಿತ್ರ ಕೂಡಿಸಿದ್ದು, ಕಳೆದದ್ದು

ಡೊನಾಲ್ಡ್‌ಸನ್ ಈ ವಿಷಯಕ್ಕೆ ಹೊಸಬರಲ್ಲ. ಯುವಕರಾಗಿದ್ದಾಗಲೇ ಮನ್ರೋ ಜೊತೆ ಬಾನವಿಲ್‌ಗೆ ಹೋಗಿ 1971ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರ ಮಾಡಿದ್ದರು. ಅದಾದ ಮೂರು ದಶಕಗಳ ಮೇಲೆ ಅದೇ ಕಥೆಯನ್ನು ನಟರಿಟ್ಟು ಹೇಳಿದರು. ಹಾಪ್ಕಿನ್ಸ್ ಆಗ ಹೆಚ್ಚುಕಡಿಮೆ ಮನ್ರೋ 1967ರಲ್ಲಿದ್ದ ವಯಸ್ಸಿನವರೇ. ಇನ್ವರ್ಕಾರ್ಗಿಲ್‌ನಲ್ಲಿಯೂ ಬಾನವಿಲ್‌ನಲ್ಲಿಯೂ ಚಿತ್ರೀಕರಣ ನಡೆಯಿತು. ಓಡಿಸಲು ಬೈಕಿನ ಪ್ರತಿಕೃತಿಗಳನ್ನು ತಯಾರಿಸಲಾಯಿತು.

ಹತ್ತು ವರ್ಷಗಳ ಪ್ರಯಾಣಗಳನ್ನು ಚಿತ್ರ ಒಂದೇ ಪ್ರಯಾಣವಾಗಿ ಕಟ್ಟಿದೆ. ಮೊದಲ ಸಲ ಬಯಲು ಕಂಡ ಮುದುಕ, ಮೊದಲೇ ಹೆಸರು ನೋಂದಾಯಿಸದೆ ಬಂದು, ಸಂಘಟಕರನ್ನು ಒಲಿಸಿ, ಕಾಲು ಸುಟ್ಟುಕೊಂಡು, ಒಂದೇ ಓಟದಲ್ಲಿ 200 ಮೈಲಿ ದಾಟುತ್ತಾನೆ. ಕಡತದಲ್ಲಿರುವ ಮನ್ರೋ ಮಾತ್ರ ಮತ್ತೆ ಮತ್ತೆ ಹೋದವರು, ಒಂದು ವರ್ಷ ಮುರಿದ ಭಾಗವನ್ನು ಮರುವರ್ಷಕ್ಕೆ ಸರಿಮಾಡಿದವರು. 1962ಕ್ಕಿಂತ 1966ರಲ್ಲಿ ಕಡಿಮೆ ವೇಗಕ್ಕೆ ದಾಖಲೆ ಪಡೆದವರು, ಏಕೆಂದರೆ ವರ್ಗ ಬೇರೆಯಿತ್ತು. ಆ 200ರ ಅಂಕಿ ಅವರ ಅಧಿಕೃತ ದಾಖಲೆಗಳಲ್ಲಿ ಎಲ್ಲಿಯೂ ಇಲ್ಲ. ಕಥೆಗೆ ಬೇಕಾದದ್ದು ದುಂಡಗಿನ ಸಂಖ್ಯೆ. ಸರಾಸರಿಯನ್ನು ನೋಡಿ ಚಪ್ಪಾಳೆ ತಟ್ಟುವ ಪ್ರೇಕ್ಷಕ ಸಿಗುವುದು ಕಷ್ಟ.

ತೆರೆಯ ಮನ್ರೋ ಒಂಟಿಜೀವ. ನಿಜದ ಮನ್ರೋ 1927ರಲ್ಲಿ ಮದುವೆಯಾಗಿದ್ದರು, ನಾಲ್ವರು ಮಕ್ಕಳಿದ್ದರು, ಸಂಸಾರ ಮುರಿದಿತ್ತು. ಕೊಟ್ಟಿಗೆಯಲ್ಲಿ ಕಳೆದ ರಾತ್ರಿಗಳಿಗೆ ಮನೆಯವರು ತೆತ್ತ ಬೆಲೆಯನ್ನು ಚಿತ್ರ ಕೇಳುವುದೇ ಇಲ್ಲ. ಇದು ಚಿತ್ರದ ದೊಡ್ಡ ಕೊರತೆ ಎನ್ನಬೇಕು. ದಾರಿಯಲ್ಲಿ ಸಿಗುವ ಸಹೃದಯರನ್ನೆಲ್ಲ ವಿಸ್ತಾರವಾಗಿ ತೋರಿಸುವ ಚಿತ್ರಕ್ಕೆ ಮನೆಯೊಳಗಿನ ಇಬ್ಬರಿಗೆ ಎರಡು ನಿಮಿಷ ಕೊಡಲಾಗದೆ ಇರಲಿಲ್ಲ.

ಒಂದು ದೃಶ್ಯವನ್ನು ತೋಟದವರು ಮೆಚ್ಚುತ್ತಾರೆ. ಮನ್ರೋ ದಿನಾ ಬೆಳಿಗ್ಗೆ ಎದ್ದು ಮನೆಯಂಗಳದ ನಿಂಬೆಗಿಡದ ಬುಡಕ್ಕೆ ಮೂತ್ರ ಹೊಯ್ಯುತ್ತಾನೆ. ನೆರೆಯವರು ಮುಖ ಸಿಂಡರಿಸುತ್ತಾರೆ. ಮಾನವ ಮೂತ್ರವನ್ನು ಬೆಳೆಗೆ ಗೊಬ್ಬರವಾಗಿ ಬಳಸುವ ಬಗ್ಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿಯೇ ಪ್ರಯೋಗಗಳು ನಡೆದಿವೆ ಎಂಬುದನ್ನು ಇಲ್ಲಿ ನೆನೆಯಬಹುದು.

ಚಿತ್ರ ಹಗುರವಾಗಿ ದಾಟಿಸುವ ಇನ್ನೊಂದು ಸಂಗತಿ ಅಪಾಯ. ಹಾಪ್ಕಿನ್ಸ್ ಬಿದ್ದು, ಉಪ್ಪು ಕೊಡವಿಕೊಂಡು ನಗುತ್ತಾರೆ. ಬಾನವಿಲ್‌ನಲ್ಲಿ ಎಲ್ಲರೂ ಹಾಗೆ ಏಳುವುದಿಲ್ಲ. ದಶಕಗಳ ಕಾಲ ತಮ್ಮದೇ ವಾಹನ ಕಟ್ಟಿ ಓಡಿಸಿದ ಸ್ಯಾಮ್ ವೀಲರ್ 2016ರ ಜುಲೈನಲ್ಲಿ ಪರೀಕ್ಷಾ ಓಟದ ಅಪಘಾತದಲ್ಲಿ ಮೃತಪಟ್ಟರು. ಅವರಿಗೆ 72 ವರ್ಷವಾಗಿತ್ತು. ಪೂರ್ಣ ಕವಚವಿಲ್ಲದ ಬೈಕಿನಲ್ಲಿ 2018ರಲ್ಲಿ ಬೊಲಿವಿಯಾದ ಉಪ್ಪಿನ ಬಯಲಿನ ಮೇಲೆ ಗಂಟೆಗೆ 480 ಕಿ.ಮೀ. ಸಮೀಪಿಸಿದ್ದ ರಾಲ್ಫ್ ಹಡ್ಸನ್ 2020ರ ಆಗಸ್ಟ್‌ನಲ್ಲಿ ಬಾನವಿಲ್‌ನಲ್ಲಿ ಬಿದ್ದು, ಮುಂದಿನ ತಿಂಗಳು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು.

ಯಾವ 'ಇಂಡಿಯನ್'?

ಶೀರ್ಷಿಕೆಯ 'ಇಂಡಿಯನ್' ಎಂಬುದು 1901ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಹುಟ್ಟಿದ ಬೈಕ್ ಕಂಪನಿಯ ಹೆಸರು. ಕೊಲಂಬಸ್ ದಿಕ್ಕು ತಪ್ಪಿ ಅಮೆರಿಕದ ಮೂಲನಿವಾಸಿಗಳಿಗೆ ಕೊಟ್ಟ ಹೆಸರು, ಅವರಿಂದ ಬೈಕಿಗೆ, ಬೈಕಿನಿಂದ ಚಿತ್ರಕ್ಕೆ ಬಂದಿದೆ. ಜಗತ್ತಿನ ಅತಿವೇಗದ 'ಇಂಡಿಯನ್' ಬೈಕ್ ಎಂದಷ್ಟೇ ಶೀರ್ಷಿಕೆಯ ಅರ್ಥ. ಜಗತ್ತಿನ ಅತಿವೇಗದ ಬೈಕ್ ಎಂದಲ್ಲ. ಮನ್ರೋ 183 ಮೈಲಿ ಮುಟ್ಟಿದ 1967ರಲ್ಲಿ ಒಟ್ಟಾರೆ ವಿಶ್ವದಾಖಲೆ 245 ಮೈಲಿ ದಾಟಿತ್ತು. ಹಿಂದಿನ ವರ್ಷ ಬಾಬ್ ಲೆಪನ್ ಎರಡು ಟ್ರಯಂಫ್ ಎಂಜಿನ್‌ಗಳ 'ಗೈರೋನಾಟ್' ವಾಹನದಲ್ಲಿ ಅದೇ ಬಯಲಿನ ಮೇಲೆ ಅದನ್ನು ಸಾಧಿಸಿದ್ದರು.

ಭಾರತದ ಬೈಕು ಆ ಉಪ್ಪನ್ನು ಮುಟ್ಟಿಲ್ಲವೆಂದಲ್ಲ. ಚೆನ್ನೈ ಮೂಲದ ರಾಯಲ್ ಎನ್‌ಫೀಲ್ಡ್ ಕಂಪನಿಯ 650 ಎಂಜಿನ್ನಿನ ಕಾಂಟಿನೆಂಟಲ್ ಜಿ.ಟಿ. ಬೈಕನ್ನು ಓಟಕ್ಕೆಂದು ಮಾರ್ಪಡಿಸಿ, 2018ರಲ್ಲಿ 18 ವರ್ಷದ ಅಮೆರಿಕನ್ ಯುವತಿ ಕೇಲಾ ರಿವಾಸ್ ಬಾನವಿಲ್‌ನಲ್ಲಿ ಓಡಿಸಿ ಗಂಟೆಗೆ 150 ಮೈಲಿ ಮೀರಿದರು. ನಮ್ಮ ರಾಜ್ಯದ್ದೇ ಆದ ಬೈಕ್ ಎಂದರೆ ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಜಾವಾ ಮತ್ತು ಯೆಜ್ಡಿ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜಾವಾ ಹೆಸರು 2018ರಲ್ಲಿ ಮಾರುಕಟ್ಟೆಗೆ ಮರಳಿತಾದರೂ ತಯಾರಿಕೆ ಮೈಸೂರಿಗೆ ಮರಳಲಿಲ್ಲ. ಆ ಎರಡು ಸೈಲೆನ್ಸರಿನ ಗಾಡಿಗಳನ್ನು ಬಿಡಿಭಾಗ ಸಿಗದೆಯೂ ಓಡಿಸಿಕೊಂಡು ಬಂದ ಮೆಕ್ಯಾನಿಕರಿಗೆ ಮನ್ರೋ ಕೊಟ್ಟಿಗೆಯಲ್ಲಿ ಕಲಿಯಬೇಕಾದದ್ದು ಹೆಚ್ಚೇನೂ ಇರದು.

ಉಪ್ಪು ದಾಟಿದ ಕನ್ನಡಿಗ

ಉಪ್ಪಿನ ಬಯಲಿನ ಮೇಲೆ ಸ್ಪರ್ಧಾ ಬೈಕ್ ಓಡಿಸಿದವರಲ್ಲಿ ನಮ್ಮವರೇ ಒಬ್ಬರಿದ್ದಾರೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರ ಜನವರಿಯಲ್ಲಿ ದಕ್ಷಿಣ ಅಮೆರಿಕದಲ್ಲಿ ನಡೆದ ಡಾಕರ್ ರ್‍ಯಾಲಿಯನ್ನು ಮೋಟಾರ್ ಸೈಕಲ್ ವಿಭಾಗದಲ್ಲಿ 36ನೆಯವರಾಗಿ ಮುಗಿಸಿದರು. ಡಾಕರ್ ಪೂರ್ಣಗೊಳಿಸಿದ ಮೊದಲ ಭಾರತೀಯ ಅವರೇ. ಆ ವರ್ಷದ ದಾರಿ ಬೊಲಿವಿಯಾದ ಸಲಾರ್ ದೆ ಉಯುನಿ ಎಂಬ ಬಯಲನ್ನು ಹಾದುಹೋಗಿತ್ತು. ಸುಮಾರು ಹತ್ತು ಸಾವಿರ ಚದರ ಕಿ.ಮೀ. ವಿಸ್ತಾರವಾದ ಅದು ಜಗತ್ತಿನ ಅತಿದೊಡ್ಡ ಉಪ್ಪಿನ ಬಯಲು; ಸಮುದ್ರಮಟ್ಟದಿಂದ 3,600 ಮೀಟರಿಗೂ ಎತ್ತರದಲ್ಲಿದೆ. ತುಮಕೂರು ಜಿಲ್ಲೆ ಇಡಿಯಾಗಿ ಬಿಳಿಯ ಉಪ್ಪಾದರೆ ಹೆಚ್ಚುಕಡಿಮೆ ಅಷ್ಟಾದೀತು.

ಡಾಕರ್ ವೇಗದ ದಾಖಲೆಯ ಓಟವಲ್ಲ; ಎರಡು ವಾರಗಳ ಕಾಲ ದಾರಿ ಹುಡುಕುತ್ತ, ದೇಹ ಮತ್ತು ಯಂತ್ರ ಎರಡನ್ನೂ ಕಾಪಾಡಿಕೊಳ್ಳುವ ಪರೀಕ್ಷೆ. ಆದರೂ ಆ ದಿನದ ಉಯುನಿ, ಉಪ್ಪಿನ ನಿಜ ಸ್ವಭಾವವನ್ನು ಯಾವ ಚಿತ್ರವೂ ತೋರಿಸದಷ್ಟು ಸ್ಪಷ್ಟವಾಗಿ ತೋರಿಸಿತು. ಮಳೆಯಾಗಿ ಬಯಲಿನ ಮೇಲೆ ನೀರು ನಿಂತಿತ್ತು. ಸಾಲಾಗಿ ನಿಂತ ಬೈಕುಗಳು ಒಟ್ಟಿಗೆ ಹೊರಟವು. ಚಕ್ರಗಳು ಎರಚಿದ ಉಪ್ಪುನೀರು ಎಂಜಿನ್ನಿಗೂ ರೇಡಿಯೇಟರಿಗೂ ಬಡಿದು ಒಣಗಿ ಗಟ್ಟಿಯಾಯಿತು; ವೈರುಗಳ ಸಂದಿಗೆ ಸೇರಿ ವಿದ್ಯುತ್ ವ್ಯವಸ್ಥೆಯನ್ನು ಕೆಡಿಸಿತು. ಅಲ್ಲಿಯವರೆಗೆ ಮೊದಲ ಸ್ಥಾನದಲ್ಲಿದ್ದ ಸ್ಪೇನಿನ ಜೋನ್ ಬರೇಡಾ ಅವರ ಬೈಕ್ ಬಯಲಿನಲ್ಲಿಯೇ ನಿಂತುಹೋಯಿತು. ಮತ್ತೊಬ್ಬ ಸವಾರ ಹಗ್ಗ ಕಟ್ಟಿ ಎಳೆದುಕೊಂಡು ಬರಬೇಕಾಯಿತು. ಗಂಟೆಗಟ್ಟಲೆ ಸಮಯ ಕಳೆದು ಗೆಲುವಿನ ಆಸೆ ಅಲ್ಲಿಗೇ ಮುಗಿಯಿತು. ದೊಡ್ಡ ತಂಡಗಳ ಯಂತ್ರಗಳೇ ಸೋತ ಆ ಉಪ್ಪನ್ನು ದಾಟಿ ಮುಂದೆ ಸಾಗಿದವರಲ್ಲಿ ಸಂತೋಷ್ ಒಬ್ಬರು.

ಅವರು 2021ರ ಜನವರಿಯಲ್ಲಿ ಸೌದಿ ಅರೇಬಿಯಾದ ಡಾಕರ್ ಓಟದಲ್ಲಿ ಬಿದ್ದು ತಲೆಗೆ ತೀವ್ರ ಪೆಟ್ಟಾಗಿ, ವೈದ್ಯರು ಅವರನ್ನು ಕೆಲಕಾಲ ಔಷಧದ ಮೂಲಕ ಪ್ರಜ್ಞಾಹೀನ ಸ್ಥಿತಿಯಲ್ಲಿ ಇರಿಸಬೇಕಾಗಿತ್ತು. ಬಳಿಕ ಚೇತರಿಸಿಕೊಂಡರು. ಉಡುಪಿಯ ಕೆ.ಪಿ. ಅರವಿಂದ್ 2019ರ ಡಾಕರ್‌ನಲ್ಲಿ 37ನೆಯವರಾದರು. ಆ ಸಾಧನೆಗಿಂತ ಅವರನ್ನು ಕನ್ನಡಿಗರಲ್ಲಿ ಹೆಚ್ಚು ಮಂದಿ ಗುರುತಿಸುವುದು 2021ರ 'ಬಿಗ್ ಬಾಸ್' ಸ್ಪರ್ಧಿಯಾಗಿ ಎಂಬುದು ಬೇರೆ ಮಾತು.

ನಮ್ಮ ದೇಶದಲ್ಲಿಯೇ ಕಚ್ಛದ ರಣ್ ಇರುವಾಗ ಅಲ್ಲೇಕೆ ಇಂಥ ಓಟವಿಲ್ಲ ಎಂಬ ಪ್ರಶ್ನೆ ಸಹಜ. ರಣ್ ಕೂಡ ಮಳೆಗಾಲದಲ್ಲಿ ಮುಳುಗಿ ಬೇಸಿಗೆಯಲ್ಲಿ ಬೆಳ್ಳಗಾಗುವ ನೆಲವೇ. ಆದರೆ ಅಲ್ಲಿ ಬಹುಕಡೆ ಉಪ್ಪಿನ ಪದರ ತೆಳು, ಕೆಳಗೆ ಕೆಸರು. ಜೊತೆಗೆ ಚಿಕ್ಕ ರಣ್ ಕಾಡುಕತ್ತೆಗಳ ಅಭಯಾರಣ್ಯ. ಉಪ್ಪು ತೆಗೆದು ಬದುಕುವ ಅಗರಿಯಾ ಕುಟುಂಬಗಳ ದುಡಿಮೆಯ ನೆಲವೂ ಹೌದು.

ಕರಗುತ್ತಿರುವ ಬಯಲು

ಮನ್ರೋ ಓಡಿದ ಬಾನವಿಲ್ ಇಂದು ಹಾಗೆಯೇ ಉಳಿದಿಲ್ಲ. ಹಿಂದೆ 13 ಮೈಲಿ ಉದ್ದದ ಓಟದ ದಾರಿ ಸಿಗುತ್ತಿತ್ತು, ಈಗ 8 ಮೈಲಿ ಸಿಕ್ಕರೆ ಪುಣ್ಯ ಎಂಬುದು ಹಳೆಯ ಸವಾರರ ಅಳಲು. ಗಟ್ಟಿಯಾದ ಉಪ್ಪಿನ ಪದರ ತೆಳುವಾಗಿ ಕೆಲವೆಡೆ ಅಡಿಯ ಮಣ್ಣು ಮೇಲೆ ಬರುತ್ತಿದೆ. 2014 ಮತ್ತು 2015ರಲ್ಲಿ ಸತತ ಎರಡು ವರ್ಷ ಸ್ಪೀಡ್ ವೀಕ್ ರದ್ದಾಯಿತು; 2022ರಲ್ಲಿ ನೀರು ನಿಂತು ಮತ್ತೆ ರದ್ದಾಯಿತು.

ಸವಾರರು ಬೆರಳು ತೋರಿಸುವುದು ಪೊಟ್ಯಾಷ್ ಗಣಿಗಾರಿಕೆಯತ್ತ. ಪೊಟ್ಯಾಷ್ ಎಂದರೆ ತೆಂಗಿನ ಸೀಮೆಗೆ ವಿವರಿಸಬೇಕಾಗಿಲ್ಲ. ಫಲ ಬಿಡುವ ಒಂದು ತೆಂಗಿನ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ, 320 ಗ್ರಾಂ ರಂಜಕ, 1,200 ಗ್ರಾಂ ಪೊಟ್ಯಾಷ್ ಎಂಬುದು ಸಾಮಾನ್ಯ ಶಿಫಾರಸು. ಅಂದರೆ ಮರವೊಂದಕ್ಕೆ ಸುಮಾರು ಎರಡು ಕಿಲೋ ಎಂ.ಒ.ಪಿ. ಗೊಬ್ಬರ. ತೆಂಗು ಬೇರಾವ ಪೋಷಕಾಂಶಕ್ಕಿಂತ ಹೆಚ್ಚಾಗಿ ಬೇಡುವುದು ಇದನ್ನೇ. ನಮ್ಮ ದೇಶ ಎಂ.ಒ.ಪಿ.ಗೆ ವಿದೇಶಗಳನ್ನೇ ನೆಚ್ಚಿಕೊಂಡಿದೆ.

ಬಾನವಿಲ್ ಬಯಲಿನ ಕೆಳಗಿರುವ ಗಾಢ ಉಪ್ಪುನೀರಿನಲ್ಲಿ ಇದೇ ಪೊಟ್ಯಾಷ್ ಕರಗಿದೆ. ಉದ್ದುದ್ದ ಕಾಲುವೆಗಳನ್ನು ತೋಡಿ ಆ ನೀರನ್ನು ಹೊರಗೆ ಹರಿಸಿ, ಕೊಳಗಳಲ್ಲಿ ಬಿಸಿಲಿಗೆ ಒಣಗಿಸಿ ಪೊಟ್ಯಾಷ್ ಬೇರ್ಪಡಿಸುತ್ತಾರೆ. ಉಳಿಯುವ ಸಾದಾ ಉಪ್ಪು ಕೊಳಗಳಲ್ಲಿಯೇ ಬಿದ್ದಿರುತ್ತದೆ. ಬಯಲಿನಿಂದ ಹೊರಟ ಉಪ್ಪು ಬಯಲಿಗೆ ಮರಳದಿದ್ದರೆ ಪ್ರತಿವರ್ಷದ ಹೊಸ ಪದರಕ್ಕೆ ಸಾಮಗ್ರಿ ಎಲ್ಲಿಂದ ಬರಬೇಕು ಎಂಬುದು ಸವಾರರ ವಾದ. 1997ರಿಂದ 2002ರವರೆಗೆ ಚಳಿಗಾಲದಲ್ಲಿ ಉಪ್ಪುನೀರನ್ನು ಮತ್ತೆ ಬಯಲಿನ ಮೇಲೆ ಹಾಯಿಸುವ ಪ್ರಯೋಗ ನಡೆಯಿತು. ಅದನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಬೇಕೆಂಬುದು ಅವರ ಬೇಡಿಕೆ. ಆದರೆ ಎಲ್ಲ ಹೊಣೆಯನ್ನೂ ಗಣಿಯ ಮೇಲೆ ಹೊರಿಸಲು ವಿಜ್ಞಾನಿಗಳು ಒಪ್ಪುವುದಿಲ್ಲ. ಹವಾಮಾನದ ಏರುಪೇರು, ಅಂತರ್ಜಲದ ಬಳಕೆ, ಬಯಲಿನ ಮಗ್ಗುಲಲ್ಲಿ ಹಾದ ಹೆದ್ದಾರಿ, ಓಟದ ವಾಹನಗಳು ಸ್ವತಃ ಉಪ್ಪನ್ನು ತುಳಿಯುವುದು ಎಲ್ಲವೂ ಸೇರಿವೆ ಎನ್ನುತ್ತಾರೆ. ಕೊಳವೆಬಾವಿಗಳ ಲೆಕ್ಕ ಬಲ್ಲ ನಮ್ಮ ಭಾಗದ ಓದುಗರಿಗೆ ಇಂಥ ವಾದ ಪ್ರತಿವಾದ ಹೊಸದಾಗಿ ಕೇಳಿಸದು.

ಮನ್ರೋ ತಮ್ಮ ಬೈಕುಗಳನ್ನು ಕೊನೆಗಾಲದಲ್ಲಿ ಊರಿನ ಹಾರ್ಡ್‌ವೇರ್ ಅಂಗಡಿಯ ಮಾಲೀಕರಿಗೆ ಮಾರಿದ್ದರು. ಇನ್ವರ್ಕಾರ್ಗಿಲ್‌ನ 'ಇ. ಹೇಸ್' ಎಂಬ ಆ ಅಂಗಡಿಯಲ್ಲಿ, ಸುತ್ತಿಗೆ, ಮೊಳೆ, ಕೊಳವೆಗಳ ನಡುವೆ, 1920ರ ಆ ಸ್ಕೌಟ್ ಇಂದಿಗೂ ಪ್ರದರ್ಶನಕ್ಕಿದೆ. ಬಾನವಿಲ್‌ನಲ್ಲಿ ಪ್ರತಿ ಬೇಸಿಗೆ ಓಟಕ್ಕೆ ಮುನ್ನ ಸಂಘಟಕರು ಬಯಲಿಗೆ ಇಳಿದು ಉಪ್ಪಿನ ಗಟ್ಟಿತನ ಮತ್ತು ತೇವವನ್ನು ಪರೀಕ್ಷಿಸುತ್ತಾರೆ. ಆ ವರ್ಷ ದಾರಿ ಎಷ್ಟು ಮೈಲಿ, ಅಥವಾ ಓಟವೇ ಇಲ್ಲವೇ ಎಂಬುದು ಆಮೇಲೆ ತೀರ್ಮಾನವಾಗುತ್ತದೆ.